ಹೃದ್ರೋಗ ತಡೆ: ಊರೇ ಕೂಡಿ ಮಾಡಬೇಕಾದ ಕೆಲಸ

ಹೃದ್ರೋಗವೆಂದರೆ ಪಟ್ಟಣದಲ್ಲಿ ಕುಳಿತು ದುಡಿಯುವವರ ಕಾಯಿಲೆ, ಹೊಲದಲ್ಲಿ ಬೆವರು ಸುರಿಸುವವನ ಹತ್ತಿರ ಅದು ಸುಳಿಯುವುದಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಹಳ ಕಾಲದಿಂದ ಇದೆ. ಇಂದು ಈ ನಂಬಿಕೆಗೆ ಆಧಾರವಿಲ್ಲ. ಭಾರತದಲ್ಲಿ ಸಂಭವಿಸುವ ನಾಲ್ಕು ಸಾವುಗಳಲ್ಲಿ ಒಂದಕ್ಕಿಂತ ಹೆಚ್ಚು ಸಾವಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳೇ ಕಾರಣ. ಇವುಗಳಲ್ಲಿ ಹಳ್ಳಿಯವರ ಪಾಲು ಕಡಿಮೆಯೇನಲ್ಲ.

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ ಹೋಬಳಿಯನ್ನೇ ನೋಡಬಹುದು. ಬಿಳಿಗಿರಿರಂಗನ ಬೆಟ್ಟದ ಕಾಡಿನ ಪೂರ್ವದ ಅಂಚಿನಲ್ಲಿರುವ ಈ ಸೀಮೆಯಲ್ಲಿ ರಾಗಿ, ಮುಸುಕಿನ ಜೋಳ, ಹುರಳಿ, ಅವರೆ ಮುಖ್ಯ ಬೆಳೆಗಳು. ಬೇಸಾಯ ಬಹುಪಾಲು ಮಳೆಯನ್ನೇ ನಂಬಿದೆ. ಇಲ್ಲಿಯ ರೈತನೊಬ್ಬನಿಗೆ ರಾತ್ರಿ ಎದೆ ಹಿಂಡಿದಂತಾದರೆ ಮೊದಲು ಹನೂರು, ಅಲ್ಲಿಂದ ಕೊಳ್ಳೇಗಾಲ, ಆಮೇಲೆ ಅರವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಮೈಸೂರು, ಹೀಗೆ ಹಂತ ಹಂತವಾಗಿ ಸಾಗಬೇಕು. ದೊಡ್ಡ ಆಸ್ಪತ್ರೆಯ ಪಕ್ಕದಲ್ಲೇ ಇರುವವನಿಗೆ ಕಾಯಿಲೆ ಬಂದ ಮೇಲೂ ಸ್ವಲ್ಪ ಅವಕಾಶ ಉಂಟು. ಕಾಡಂಚಿನ ಹಳ್ಳಿಯವನಿಗೆ ಆ ಅವಕಾಶ ಕಡಿಮೆ. ಆದುದರಿಂದ ಆಸ್ಪತ್ರೆ ಎಷ್ಟು ದೂರವೋ ಕಾಯಿಲೆ ಬಾರದಂತೆ ನೋಡಿಕೊಳ್ಳುವ ಅಗತ್ಯವೂ ಅಷ್ಟೇ ಹೆಚ್ಚು. ಈ ಕೆಲಸ ಒಬ್ಬನಿಂದ ಆಗುವುದು ಕಷ್ಟ. ಊರು ಮನಸ್ಸು ಮಾಡಿದರೆ ಸಾಧ್ಯ.

ಹೃದಯ ಎಲ್ಲಿ ಕೆಡುತ್ತದೆ?

ಹೃದಯವು ಮುಚ್ಚಿದ ಮುಷ್ಟಿಯಷ್ಟು ಗಾತ್ರದ ಮಾಂಸಖಂಡ. ನಿಮಿಷಕ್ಕೆ ಸುಮಾರು 70 ಬಾರಿಯಂತೆ ದಿನಕ್ಕೆ ಒಂದು ಲಕ್ಷ ಬಾರಿ ಮಿಡಿಯುತ್ತದೆ. ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್, ಅಂದರೆ ದಿನಕ್ಕೆ 7,000 ಲೀಟರ್ ರಕ್ತವನ್ನು ಒತ್ತಿ ಕಳುಹಿಸುತ್ತದೆ. ಬಿಡುವಿಲ್ಲದೆ ದುಡಿಯುವ ಈ ಪಂಪಿಗೂ ಆಹಾರ ಮತ್ತು ಆಮ್ಲಜನಕ ಬೇಕು. ಅದನ್ನು ಒದಗಿಸುವುದು ಹೃದಯದ ಮೇಲೆಯೇ ಹರಡಿಕೊಂಡಿರುವ ಪರಿಧಮನಿಗಳೆಂಬ ಸಣ್ಣ ರಕ್ತನಾಳಗಳು.

ಹನಿ ನೀರಾವರಿ ಮಾಡಿರುವ ರೈತರಿಗೆ ಮುಂದಿನ ಮಾತು ಸುಲಭವಾಗಿ ಅರ್ಥವಾಗುತ್ತದೆ. ಗಡಸು ನೀರು ಹರಿದ ಪೈಪಿನ ಒಳಗೆ ವರ್ಷ ಕಳೆದಂತೆ ಸುಣ್ಣದ ಪದರ ಕಟ್ಟುತ್ತದೆ. ನೀರು ಬರುತ್ತಿರುವವರೆಗೆ ಯಾರೂ ಅತ್ತ ನೋಡುವುದಿಲ್ಲ. ಸಾಲಿನ ಕೊನೆಯ ಗಿಡ ಬಾಡಿದಾಗಲೇ ಪೈಪು ಕಟ್ಟಿರುವುದು ತಿಳಿಯುತ್ತದೆ. ಪರಿಧಮನಿಗಳ ಒಳಗೋಡೆಯಲ್ಲಿಯೂ ಹೀಗೆಯೇ ಕೊಬ್ಬಿನ ಪದರ ವರ್ಷಗಟ್ಟಲೆ ಬೆಳೆಯುತ್ತದೆ. ಒಂದು ದಿನ ಆ ಪದರ ಬಿರಿದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ನಾಳ ಪೂರ್ತಿ ಮುಚ್ಚಿಹೋಗುತ್ತದೆ. ಇದೇ ಹೃದಯಾಘಾತ. ನಾಳ ಮುಚ್ಚಿದ ಅರ್ಧ ಗಂಟೆಯೊಳಗೆ ಹೃದಯದ ಸ್ನಾಯು ಸಾಯಲು ತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ.

ಆಘಾತ ಒಂದು ಕ್ಷಣದ್ದಾದರೂ ಅದರ ಹಿಂದೆ ಇಪ್ಪತ್ತು ಮೂವತ್ತು ವರ್ಷಗಳ ಸಿದ್ಧತೆ ಇರುತ್ತದೆ. ತಡೆಗಟ್ಟಲು ಇರುವ ಅವಕಾಶವೂ ಅಷ್ಟೇ ವರ್ಷಗಳದ್ದು.

ಹಳ್ಳಿಗೆ ಏಕೆ ಬಂತು?

2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಎಂಬ ಅಧ್ಯಯನವು 52 ದೇಶಗಳಲ್ಲಿ ಮೊದಲ ಬಾರಿ ಹೃದಯಾಘಾತಕ್ಕೆ ಒಳಗಾದವರನ್ನು ಪರಿಶೀಲಿಸಿತು. ಬೀಡಿ ಸಿಗರೇಟು, ರಕ್ತದಲ್ಲಿಯ ಕೊಬ್ಬಿನ ಏರುಪೇರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ತರಕಾರಿ ಹಣ್ಣುಗಳ ಕೊರತೆ, ದೇಹಶ್ರಮದ ಕೊರತೆ ಮೊದಲಾದ ಒಂಬತ್ತು ಅಂಶಗಳೇ ಹತ್ತರಲ್ಲಿ ಒಂಬತ್ತು ಪಾಲು ಅಪಾಯಕ್ಕೆ ಕಾರಣವೆಂದು ಅದರಿಂದ ತಿಳಿಯಿತು. ಈ ಅಂಶಗಳಲ್ಲಿ ಹಣೆಬರಹವೆನ್ನುವಂಥದು ಯಾವುದೂ ಇಲ್ಲ. ಇನ್ನೊಂದು ಸಂಗತಿಯೂ ಹೊರಬಿತ್ತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿನಲ್ಲಿ ಆಗುತ್ತದೆ. ಉಳಿದ ದೇಶಗಳವರಿಗೆ 58 ದಾಟಿದ ಮೇಲೆ. ಮಗಳ ಮದುವೆ, ಮಗನ ಓದು, ಬೆಳೆಸಾಲ ಎಲ್ಲವೂ ಹೆಗಲ ಮೇಲಿರುವ ವಯಸ್ಸಿನಲ್ಲಿಯೇ ಇಲ್ಲಿಯ ಮನೆಯ ಯಜಮಾನ ಮಲಗುತ್ತಾನೆ.

ಹಳ್ಳಿಯ ಬದುಕು ಬದಲಾಗಿರುವುದು ಕಣ್ಣಿಗೇ ಕಾಣುತ್ತದೆ. ನೇಗಿಲ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಹೊಲಕ್ಕೆ ನಡೆದುಹೋಗುತ್ತಿದ್ದವರು ಮೋಟಾರ್ ಸೈಕಲ್ ಏರುತ್ತಾರೆ. ರಾಗಿ ಬೀಸುವುದು, ಭತ್ತ ಕುಟ್ಟುವುದು ಗಿರಣಿಗೆ ಹೋಗಿದೆ. ಎರಡು ಹೊತ್ತು ರಾಗಿಮುದ್ದೆ ಇದ್ದ ಮನೆಗಳಲ್ಲಿ ಬಿಳಿ ಅನ್ನ ಹೆಚ್ಚಿದೆ. ಸಣ್ಣ ಅಂಗಡಿಗಳಲ್ಲಿಯೂ ಉಪ್ಪು ಎಣ್ಣೆ ತುಂಬಿದ ಕುರುಕಲು ಪೊಟ್ಟಣಗಳ ಸರ ತೂಗುತ್ತದೆ. ದುಡಿಮೆ ಕಡಿಮೆಯಾಯಿತು, ಊಟ ಮಾತ್ರ ಹಗುರವಾಗಲಿಲ್ಲ. ಮಳೆ ಕೈಕೊಟ್ಟಾಗಿನ ಚಿಂತೆ, ಕಾಡುಪ್ರಾಣಿಗಳ ಕಾಟದಿಂದ ರಾತ್ರಿ ಕಾವಲು, ನಿದ್ರೆಗೇಡು ಮೊದಲಿನಂತೆಯೇ ಉಳಿದಿವೆ.

ಫಿನ್ಲೆಂಡಿನ ರೈತರು ಮಾಡಿ ತೋರಿಸಿದ್ದು

ಜನರೇ ಮುಂದಾಗಿ ಹೃದ್ರೋಗವನ್ನು ಹಿಮ್ಮೆಟ್ಟಿಸಿದ್ದು ಉಂಟೆ ಎಂದು ಕೇಳಬಹುದು. ಉಂಟು, ಅದೂ ರೈತರ ಜಿಲ್ಲೆಯೊಂದರಲ್ಲಿ. ಯೂರೋಪಿನ ಉತ್ತರಕ್ಕಿರುವ ಫಿನ್ಲೆಂಡ್ ದೇಶದ ಪೂರ್ವ ಗಡಿಯಲ್ಲಿ ಉತ್ತರ ಕರೇಲಿಯ ಎಂಬ ಪ್ರಾಂತವಿದೆ. ಅಲ್ಲಿಯ ಜನ ಹಸು ಸಾಕುವವರು, ಕಾಡಿನಲ್ಲಿ ಮರ ಕಡಿಯುವವರು. ಮೈಮುರಿದು ದುಡಿಯುವ ಗಟ್ಟಿಮುಟ್ಟಾದ ಆಳುಗಳು. ಆದರೂ 1960ರ ದಶಕದಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವ ಪ್ರಮಾಣ ಜಗತ್ತಿನಲ್ಲಿಯೇ ಅತಿ ಹೆಚ್ಚು ಇದ್ದ ಪ್ರದೇಶಗಳಲ್ಲಿ ಅದು ಒಂದಾಗಿತ್ತು. ದೇಹಶ್ರಮ ಒಂದೇ ಹೃದಯವನ್ನು ಕಾಪಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ರೊಟ್ಟಿಗೆ ದಪ್ಪ ಬೆಣ್ಣೆ, ಕೆನೆ ತುಂಬಿದ ಹಾಲು, ಉಪ್ಪು ಹಾಕಿದ ಮಾಂಸ, ಅಪರೂಪಕ್ಕೊಮ್ಮೆ ತರಕಾರಿ ಅವರ ಆಹಾರ. ಗಂಡಸರಲ್ಲಿ ಅರ್ಧದಷ್ಟು ಮಂದಿ ಧೂಮಪಾನಿಗಳು.

1971ರಲ್ಲಿ ಆ ಪ್ರಾಂತದ ಜನರೇ ತಮ್ಮ ಸರ್ಕಾರಕ್ಕೆ ಮನವಿ ಸಲ್ಲಿಸಿದರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯರ ಮುಂದಾಳತ್ವದಲ್ಲಿ ಯೋಜನೆ ಆರಂಭವಾಯಿತು. ವೈದ್ಯರು ಆಸ್ಪತ್ರೆಯಲ್ಲಿ ಕುಳಿತು ಉಪದೇಶ ಮಾಡಲಿಲ್ಲ. ಹಳ್ಳಿಯ ಮಹಿಳಾ ಸಂಘಗಳು ಊರೂರಿನಲ್ಲಿ ಅಡುಗೆ ಪ್ರಾತ್ಯಕ್ಷಿಕೆ ನಡೆಸಿ, ಹಳೆಯ ಅಡುಗೆಯನ್ನೇ ಕಡಿಮೆ ಉಪ್ಪು, ಕಡಿಮೆ ಕೊಬ್ಬು, ಹೆಚ್ಚು ತರಕಾರಿ ಹಾಕಿ ಮಾಡಿ ಬಡಿಸಿದವು. ಊರಿನ ಗಣ್ಯರು ನೆರೆಹೊರೆಯವರಿಗೆ ತಿಳಿಹೇಳಿದರು. ದಾದಿಯರು ರಕ್ತದೊತ್ತಡ ಅಳೆದು ಪಟ್ಟಿಯಿಟ್ಟರು. ಧೂಮಪಾನ ಬಿಡುವ ಸ್ಪರ್ಧೆಗಳು ನಡೆದವು. ಬೆಣ್ಣೆ ಕಡಿಮೆಯಾದರೆ ಹೈನುಗಾರನ ಗತಿ ಏನು ಎಂಬ ಪ್ರಶ್ನೆಯೂ ಎದ್ದಿತು. ಕೆಲವರು ಕಾಡುಹಣ್ಣಿನ ಜಾತಿಯ ಬೆರ್ರಿ ಬೆಳೆಗೆ ತಿರುಗಲು ನೆರವಾಗುವ ಕಾರ್ಯಕ್ರಮ ರೂಪುಗೊಂಡಿತು. ಆ ಚಳಿಯ ದೇಶದಲ್ಲಿ ಬೆಳೆಯಬಲ್ಲ ಎಣ್ಣೆಕಾಳಿಗೂ ಪ್ರೋತ್ಸಾಹ ದೊರೆಯಿತು.

ಫಲ ತಕ್ಷಣ ಬರಲಿಲ್ಲ. ಆದರೆ ಸುಮಾರು ನಾಲ್ಕು ದಶಕಗಳಲ್ಲಿ ಅಲ್ಲಿಯ ದುಡಿಯುವ ವಯಸ್ಸಿನ ಗಂಡಸರಲ್ಲಿ ಪರಿಧಮನಿ ಕಾಯಿಲೆಯ ಸಾವು ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. ಇದರಲ್ಲಿ ಔಷಧಿ, ಶಸ್ತ್ರಚಿಕಿತ್ಸೆಗಳ ಪಾಲೂ ಇದೆ. ಹೆಚ್ಚಿನ ಪಾಲು ಊಟ ಮತ್ತು ಅಭ್ಯಾಸಗಳ ಬದಲಾವಣೆಯದು.

ಫಿನ್ಲೆಂಡಿನ ಊಟ ಬೇರೆ, ಹನೂರಿನ ಊಟ ಬೇರೆ. ಕಲಿಯಬೇಕಾದದ್ದು ಅಲ್ಲಿಯ ಅಡುಗೆಯನ್ನಲ್ಲ, ಊರು ಒಂದಾದ ರೀತಿಯನ್ನು. ಇಂಥ ಕೆಲಸ ಈ ಸೀಮೆಗೆ ತೀರ ಹೊಸದೂ ಅಲ್ಲ. ಲೊಕ್ಕನಹಳ್ಳಿಯ ಪಶ್ಚಿಮಕ್ಕೆ ಕಾಣುವ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಸೋಲಿಗರ ಹಾಡಿಗಳಿಗೆ ವೈದ್ಯರು ನಡೆದುಹೋದರು. ಸೋಲಿಗ ಹೆಣ್ಣುಮಕ್ಕಳೇ ತರಬೇತಿ ಪಡೆದು ದಾದಿಯರಾದರು. ತಮ್ಮವರೇ ಹೇಳಿದ ಆರೋಗ್ಯದ ಮಾತು ಜನರ ಮನಸ್ಸಿಗೆ ಬೇಗ ಇಳಿಯುತ್ತದೆ ಎಂಬುದು ಬೆಟ್ಟದ ಆಚೆ ಈಚೆ ಎಲ್ಲ ಕಡೆಗೂ ಸಲ್ಲುವ ಪಾಠ.

ಅಡುಗೆಮನೆಯಲ್ಲಿ ಏನು ಮಾಡಬೇಕು?

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚೆಗಿಂತ ಹೆಚ್ಚು ಉಪ್ಪು ಬೇಡ. ಭಾರತೀಯರು ಇದಕ್ಕಿಂತ ಬಹಳ ಹೆಚ್ಚು ತಿನ್ನುತ್ತಿರುವುದು ಅಧ್ಯಯನಗಳಿಂದ ಗೊತ್ತಾಗಿದೆ. ಲೆಕ್ಕ ಹಾಕುವುದು ಸುಲಭ. ಐವರು ದೊಡ್ಡವರಿರುವ ಮನೆಗೆ ದಿನಕ್ಕೆ 25 ಗ್ರಾಂ, ತಿಂಗಳಿಗೆ 750 ಗ್ರಾಂ ಸಾಕು. ಒಂದು ಕಿಲೋ ಪೊಟ್ಟಣ ನಲವತ್ತು ದಿನ ಬರಬೇಕು. ತಿಂಗಳು ತುಂಬುವ ಮೊದಲೇ ಖಾಲಿಯಾದರೆ ಕೈ ಹಿಡಿಯಬೇಕೆಂದು ಅರ್ಥ. ಹಪ್ಪಳ, ಉಪ್ಪಿನಕಾಯಿ, ಒಣಮೀನು, ಅಂಗಡಿಯ ಕುರುಕಲು ತಿಂಡಿಗಳ ಉಪ್ಪು ಈ ಲೆಕ್ಕದ ಒಳಗೇ ಬರಬೇಕು. ಊಟದ ಎಲೆಯ ತುದಿಗೆ ಬೇರೆ ಉಪ್ಪು ಬಡಿಸುವ ಪದ್ಧತಿಯನ್ನು ಬಿಡುವುದು ಮೊದಲ ಹೆಜ್ಜೆ. ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿದರೆ ಕೆಲವೇ ವಾರಗಳಲ್ಲಿ ನಾಲಗೆ ಒಗ್ಗಿಕೊಳ್ಳುತ್ತದೆ. ಬಳಸುವಷ್ಟು ಉಪ್ಪು ಅಯೋಡಿನ್ ಉಪ್ಪೇ ಆಗಿರಲಿ. ಒಡೆಯರಪಾಳ್ಯದ ಟಿಬೆಟನ್ ವಸತಿಯ ಮನೆಗಳಲ್ಲಿ ಬೆಣ್ಣೆ ಮತ್ತು ಉಪ್ಪು ಹಾಕಿದ ಚಹಾ ಕುಡಿಯುವ ರೂಢಿಯಿದೆ. ಬೆಟ್ಟದ ಕೊರೆಯುವ ಚಳಿಗೆ ಹುಟ್ಟಿದ ಆ ಪಾನೀಯದಲ್ಲಿಯೂ ಇಲ್ಲಿಯ ಹವೆಗೆ ತಕ್ಕಂತೆ ಇವೆರಡನ್ನೂ ಇಳಿಸುವುದು ಒಳ್ಳೆಯದು.

ಎಣ್ಣೆ: ತಲೆಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಎಣ್ಣೆ ಸಾಕು. ಕಡಲೆಕಾಯಿ, ಸೂರ್ಯಕಾಂತಿ, ಎಳ್ಳು ಮೊದಲಾದ ಎಣ್ಣೆಗಳನ್ನು ಬದಲಿಸಿ ಬಳಸಬಹುದು. ಬೋಂಡಾ ವಡೆ ಕರಿದ ಎಣ್ಣೆಯನ್ನೇ ಮರುದಿನ ಮತ್ತೆ ಕಾಯಿಸುವುದು ಹಾನಿಕರ. ವನಸ್ಪತಿಯಲ್ಲಿರುವ ಕೆಟ್ಟ ಕೊಬ್ಬನ್ನು ಶೇಕಡಾ 2ಕ್ಕೆ ಮಿತಿಗೊಳಿಸುವ ನಿಯಮ 2022ರಿಂದ ಜಾರಿಯಲ್ಲಿದ್ದರೂ ಅದನ್ನು ನಿತ್ಯದ ಅಡುಗೆಯಿಂದ ದೂರವಿಡುವುದೇ ಲೇಸು. ಹಸು ಕಟ್ಟಿರುವ ಮನೆಯವರು ಹಾಲು ಮಜ್ಜಿಗೆಗೆ ಹೆದರಬೇಕಾಗಿಲ್ಲ. ಕೆನೆ ತೆಗೆದ ಮಜ್ಜಿಗೆ ಒಳ್ಳೆಯ ಪಾನೀಯ. ಉಪ್ಪು ಹಾಕದೆ ಕುಡಿದರೆ ಇನ್ನೂ ಒಳ್ಳೆಯದು. ತುಪ್ಪ, ಬೆಣ್ಣೆಗಳಿಗೆ ಮಿತಿ ಇರಲಿ.

ಕಾಳು, ಸೊಪ್ಪು, ಧಾನ್ಯ: ಈ ಸೀಮೆಯ ಹಳೆಯ ಊಟದಲ್ಲಿ ಹೃದಯಕ್ಕೆ ಹಿತವಾದದ್ದು ಬಹಳ ಇದೆ. ರಾಗಿಮುದ್ದೆ, ಉಪ್ಪೆಸರು, ಬಸ್ಸಾರು, ಮಸ್ಸೊಪ್ಪು, ಹುರಳಿಕಾಳಿನ ಸಾರು ಇವೆಲ್ಲ ಕಡಿಮೆ ಎಣ್ಣೆಯಲ್ಲಿ ಕಾಳು ಸೊಪ್ಪುಗಳನ್ನು ಧಾರಾಳವಾಗಿ ಕೊಡುವ ಅಡುಗೆಗಳು. ಇವುಗಳಲ್ಲಿ ಉಪ್ಪನ್ನಷ್ಟೇ ಹಿಡಿತದಲ್ಲಿಡಬೇಕು. ರಾಗಿಯಲ್ಲಿ ನಾರಿನ ಅಂಶ ಮತ್ತು ಸುಣ್ಣದ ಅಂಶ ಹೆಚ್ಚು. ಆದರೆ ರಾಗಿಯೆಂದು ಮಿತಿಯಿಲ್ಲದೆ ತಿನ್ನುವುದೂ ಸರಿಯಲ್ಲ. ದೊಡ್ಡ ಮುದ್ದೆಯೂ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆಯನ್ನು ಏರಿಸುತ್ತದೆ. ಮುದ್ದೆ ಚಿಕ್ಕದಾಗಲಿ, ಕಾಳು ಸೊಪ್ಪು ಹೆಚ್ಚಲಿ. ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಹಣ್ಣು ಬೇಕು. ಬಚ್ಚಲ ನೀರು ಹರಿಯುವ ಹಿತ್ತಲಲ್ಲಿ ನುಗ್ಗೆ, ಪಪ್ಪಾಯಿ, ಬಾಳೆ, ಬಳ್ಳಿ ತರಕಾರಿ, ನಾಲ್ಕು ಮಡಿ ಸೊಪ್ಪು ಇದ್ದರೆ ಮನೆಯ ಅಗತ್ಯದ ಒಂದು ಪಾಲು ಹಣವಿಲ್ಲದೆ ಪೂರೈಸುತ್ತದೆ. ಬೆಳೆದ ತರಕಾರಿಯನ್ನೆಲ್ಲ ಸಂತೆಗೆ ಕಳುಹಿಸಿ ಮನೆಯಲ್ಲಿ ಬರೀ ತಿಳಿಸಾರು ಉಣ್ಣುವ ರೂಢಿ ತಪ್ಪಬೇಕು.

ಒಲೆಯ ಹೊಗೆ: ಸೌದೆ ಒಲೆಯ ಹೊಗೆ ಕಣ್ಣು, ಶ್ವಾಸಕೋಶಗಳಿಗಷ್ಟೇ ಅಲ್ಲ, ಹೃದಯಕ್ಕೂ ಕೆಡುಕು. ಗ್ಯಾಸ್ ಇರುವ ಮನೆಗಳು ಅದನ್ನೇ ಬಳಸಲಿ. ಸೌದೆ ಅನಿವಾರ್ಯವಾದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆಯಂತೆ ಹೊಗೆಕೊಳವೆಯಿರುವ ಒಲೆಯನ್ನು ಕಟ್ಟಿಸಿಕೊಳ್ಳುವುದು ಒಳ್ಳೆಯದು.

ಬೀಡಿ, ಹೊಗೆಸೊಪ್ಪು, ಮದ್ಯ

ಹೃದ್ರೋಗಕ್ಕೆ ದಾರಿ ಮಾಡುವ ಅಭ್ಯಾಸಗಳಲ್ಲಿ ತಂಬಾಕು ಮುಂದು. ಬೀಡಿ ಸಣ್ಣದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ಮಾತು ಸುಳ್ಳು. ಹೆಂಗಸರು ಎಲೆ ಅಡಿಕೆಯೊಡನೆ ಹಾಕುವ ಹೊಗೆಸೊಪ್ಪು, ಕಡ್ಡಿಪುಡಿಗಳೂ ನಿರಪಾಯವಲ್ಲ. ಸಮಾಧಾನದ ಸಂಗತಿಯೆಂದರೆ, ಸೇದುವುದನ್ನು ಬಿಟ್ಟ ಒಂದು ವರ್ಷದಲ್ಲಿಯೇ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೂವತ್ತು ವರ್ಷ ಸೇದಿದವರಿಗೂ ಬಿಡುವುದರಿಂದ ಲಾಭವಿದೆ. ಬಿಡಲು ಸಲಹೆ ಬೇಕಾದವರು 1800-11-2356 ಎಂಬ ಉಚಿತ ರಾಷ್ಟ್ರೀಯ ದೂರವಾಣಿ ಸಂಖ್ಯೆಗೆ ಕರೆ ಮಾಡಬಹುದು. ಮದ್ಯವು ರಕ್ತದೊತ್ತಡವನ್ನು ಏರಿಸುತ್ತದೆ, ಹೃದಯದ ಸ್ನಾಯುವನ್ನು ಸಡಿಲಗೊಳಿಸುತ್ತದೆ. ಮೈಕೈ ನೋವು ಮರೆಯಲೆಂದು ಕುಡಿದದ್ದು ಮನೆಯ ನೆಮ್ಮದಿಯನ್ನೂ ಕೆಡಿಸುತ್ತದೆ.

ದುಡಿಮೆ ಮತ್ತು ನಡಿಗೆ

ವಾರಕ್ಕೆ ಕಡೆಯ ಪಕ್ಷ 150 ನಿಮಿಷ, ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆಯಂತೆ, ಉಸಿರು ಸ್ವಲ್ಪ ಏರುವಷ್ಟು ಚುರುಕಾದ ನಡಿಗೆ ಅಥವಾ ಕೆಲಸ ಬೇಕು. ಬಿತ್ತನೆ, ಕೊಯ್ಲುಗಳ ಕಾಲದಲ್ಲಿ ಇದು ತಾನಾಗಿ ಸಿಗುತ್ತದೆ. ಮಳೆಯಾಶ್ರಿತ ಸೀಮೆಯಲ್ಲಿ ವರ್ಷದ ಹಲವು ತಿಂಗಳು ಹೊಲದಲ್ಲಿ ಕೆಲಸವಿರುವುದಿಲ್ಲ. ಆ ಕಾಲದಲ್ಲಿ ಜಗಲಿಯ ಮೇಲೆ ಕುಳಿತು ದಿನ ಕಳೆಯದೆ, ಹೊಲಕ್ಕೆ ಗಾಡಿ ಬಿಟ್ಟು ನಡೆದೇ ಹೋಗಿಬರಬೇಕು.

ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲುನಡಿಗೆಯಲ್ಲಿ ಹೋಗುವವರು ಈ ಭಾಗದಲ್ಲಿ ಸಾವಿರಾರು ಮಂದಿ. ನಡಿಗೆ ಒಳ್ಳೆಯದೇ. ಆದರೆ ವರ್ಷವಿಡೀ ಕುಳಿತಿದ್ದವರು ಒಂದೇ ಸಲ ತಾಳಬೆಟ್ಟದಿಂದ ಏರತೊಡಗಿದರೆ ಹೃದಯಕ್ಕೆ ಹೊರೆಯಾಗುತ್ತದೆ. ಹರಕೆ ಹೊತ್ತವರು ಎರಡು ತಿಂಗಳ ಮೊದಲಿನಿಂದ ದಿನವೂ ನಡೆದು ರೂಢಿ ಮಾಡಿಕೊಳ್ಳಬೇಕು. ನಲವತ್ತು ದಾಟಿದವರು, ಒತ್ತಡ ಸಕ್ಕರೆಗಳಿರುವವರು ಮೊದಲು ವೈದ್ಯರಿಗೆ ತೋರಿಸಿ ಹೊರಡಬೇಕು. ಏರುವಾಗ ಎದೆ ಬಿಗಿದು, ನಿಂತರೆ ಕಡಿಮೆಯಾಗುವ ನೋವು ಪರಿಧಮನಿ ಕಿರಿದಾಗಿರುವ ಲಕ್ಷಣ. ಅದನ್ನು ಸುಸ್ತೆಂದು ತಳ್ಳಿಹಾಕಬಾರದು.

ಅಳೆಯದೆ ತಿಳಿಯದು

ರಕ್ತದೊತ್ತಡಕ್ಕೆ ನೋವಿಲ್ಲ, ಜ್ವರವಿಲ್ಲ. ಮೈಗೆ ಏನೂ ಆಗಿಲ್ಲ ಎನ್ನುವ ಮನುಷ್ಯನಲ್ಲಿಯೇ ಅದು ವರ್ಷಗಟ್ಟಲೆ ಕುಳಿತಿರಬಹುದು. ಮಣ್ಣು ಪರೀಕ್ಷೆ ಮಾಡಿಸದೆ ಸಾರಜನಕ ಎಷ್ಟಿದೆಯೆಂದು ಹೇಳಲಾಗದಂತೆ, ಅಳೆಯದೆ ರಕ್ತದೊತ್ತಡ ಎಷ್ಟೆಂದು ಹೇಳಲಾಗದು. ಮೂವತ್ತು ವರ್ಷ ತುಂಬಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಈ ಕೆಳಗಿನವನ್ನು ಅಳೆಸಿಕೊಳ್ಳತಕ್ಕದ್ದು.

1. ರಕ್ತದೊತ್ತಡ: 120/80ಕ್ಕಿಂತ ಕಡಿಮೆ ಇರುವುದು ಒಳ್ಳೆಯದು. ಬೇರೆ ಬೇರೆ ದಿನಗಳಲ್ಲಿ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು.

2. ರಕ್ತದ ಸಕ್ಕರೆ: ಬರಿಹೊಟ್ಟೆಯಲ್ಲಿ 100 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. 126 ಮುಟ್ಟಿದರೆ ಮತ್ತೊಮ್ಮೆ ಪರೀಕ್ಷಿಸಿ ಸಕ್ಕರೆ ಕಾಯಿಲೆಯನ್ನು ಖಚಿತಪಡಿಸಿಕೊಳ್ಳಬೇಕು.

3. ಸೊಂಟದ ಸುತ್ತಳತೆ: ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ಇದಕ್ಕೆ ದರ್ಜಿಯ ಟೇಪೇ ಸಾಕು.

ಈ ತಪಾಸಣೆಗಾಗಿ ದೂರ ಹೋಗಬೇಕಾಗಿಲ್ಲ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ 2025ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ಒತ್ತಡ, ಸಕ್ಕರೆ ಪರೀಕ್ಷಿಸುವ ಏರ್ಪಾಟಿದೆ. ಆಶಾ ಕಾರ್ಯಕರ್ತೆ ಬಂದಾಗ ಹೊಲಕ್ಕೆ ಹೋಗಿದ್ದೇವೆಂದು ತಪ್ಪಿಸಿಕೊಳ್ಳುವವರೇ ಹೆಚ್ಚಾಗಿ ಗಂಡಸರು. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗಾಗಿ ಉದ್ದನೆಯ ಸಾಲು ನಿಂತಿತು. ಹೆದರಿಕೆಯಿಂದ ಒಂದು ದಿನ ಓಡಿ, ಆಮೇಲೆ ವರ್ಷವಿಡೀ ಮರೆಯುವುದರಿಂದ ಉಪಯೋಗವಿಲ್ಲ. ಊರಿನಲ್ಲಿಯೇ ಕ್ರಮವಾಗಿ ಅಳೆಸಿಕೊಂಡು ಅಂಕಿಗಳನ್ನು ಬರೆದಿಡುವುದರಲ್ಲಿ ಉಪಯೋಗವಿದೆ.

ಮಾತ್ರೆ ಶುರುವಾದ ಮೇಲೆ ಒತ್ತಡ ಇಳಿಯಿತೆಂದು ತಾವಾಗಿಯೇ ನಿಲ್ಲಿಸುವುದು ಹಳ್ಳಿಗಳಲ್ಲಿ ಸಾಮಾನ್ಯವಾದ ತಪ್ಪು. ಇಳಿದಿರುವುದು ಮಾತ್ರೆಯ ಬಲದಿಂದ. ಒತ್ತಡ, ಸಕ್ಕರೆಗಳ ಸಾಮಾನ್ಯ ಮಾತ್ರೆಗಳನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಮುಗಿಯುವ ವಾರದ ಮೊದಲೇ ತಂದಿಟ್ಟುಕೊಳ್ಳಬೇಕು.

ಮಕ್ಕಳ ಗಂಟಲು ನೋವು

ಹೃದ್ರೋಗ ದೊಡ್ಡವರಿಗೆ ಮಾತ್ರ ಬರುವುದಲ್ಲ. 5ರಿಂದ 15 ವರ್ಷದ ಮಕ್ಕಳಿಗೆ ಬರುವ ಒಂದು ಬಗೆಯ ಗಂಟಲು ಸೋಂಕಿಗೆ ಸರಿಯಾದ ಚಿಕಿತ್ಸೆ ಆಗದಿದ್ದರೆ, ಕೆಲವು ವಾರಗಳ ಬಳಿಕ ಕೀಲುಗಳು ಒಂದಾದ ಮೇಲೊಂದು ಊದಿ ಜ್ವರ ಬರಬಹುದು. ಇದು ಹೃದಯದ ಕವಾಟಗಳನ್ನು ಕೆಡಿಸುವ ಸಂಧಿವಾತ ಜ್ವರ. ಕಿಕ್ಕಿರಿದ ಮನೆ, ಬಡತನ ಇರುವಲ್ಲಿ ಇದು ಹೆಚ್ಚು. ಜ್ವರದೊಡನೆ ಗಂಟಲು ನೋವಿದ್ದರೆ ವೈದ್ಯರಿಗೆ ತೋರಿಸಿ, ಕೊಟ್ಟ ಔಷಧವನ್ನು ಪೂರ್ತಿ ದಿನ ಕೊಡಬೇಕು. ಒಮ್ಮೆ ಈ ಜ್ವರ ಬಂದ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವೈದ್ಯರು ಹೇಳಿದಷ್ಟು ವರ್ಷ ತಪ್ಪದೆ ಕೊಡಿಸಬೇಕು.

ಊರು ಕೂಡಿ ಮಾಡಬಹುದಾದ ಕೆಲಸಗಳು

1. ಹಾಲು ಉತ್ಪಾದಕರ ಸಂಘಕ್ಕೆ ಊರಿನ ಜನ ಬೆಳಿಗ್ಗೆ ಸಂಜೆ ಬರುತ್ತಾರೆ. ರಕ್ತದೊತ್ತಡ ಅಳೆಯುವ ವಿದ್ಯುನ್ಮಾನ ಉಪಕರಣವೊಂದನ್ನು ಕೊಂಡು ಅಲ್ಲಿಟ್ಟು, ತರಬೇತಿ ಪಡೆದ ಒಬ್ಬರು ವಾರಕ್ಕೊಂದು ದಿನ ಅಳೆದು ಪುಸ್ತಕದಲ್ಲಿ ಬರೆಯಬಹುದು. ಹಾಲಿನ ಜಿಡ್ಡಿನಂಶ ಬರೆದಿಡುವ ಊರಿಗೆ ಇದು ಕಷ್ಟವಲ್ಲ.

2. ಸ್ತ್ರೀಶಕ್ತಿ ಮತ್ತು ಸ್ವಸಹಾಯ ಸಂಘಗಳು ವಾರದ ಸಭೆಯಲ್ಲಿ ಉಪ್ಪು ಎಣ್ಣೆಗಳ ಲೆಕ್ಕ ಕೇಳಬಹುದು. ಯಾರ ಮನೆಯಲ್ಲಿ ಒಂದು ಕಿಲೋ ಉಪ್ಪು ಎಷ್ಟು ದಿನ ಬಂತು ಎಂಬ ಪ್ರಶ್ನೆಯೇ ದೊಡ್ಡ ಪಾಠ.

3. ಜಾತ್ರೆ, ಮದುವೆ, ಅನ್ನಸಂತರ್ಪಣೆಗಳ ಅಡುಗೆಯವರಿಗೆ ಉಪ್ಪು, ಎಣ್ಣೆ ಕಡಿಮೆ ಮಾಡಿ ಸೊಪ್ಪು ಕಾಳಿನ ಪಲ್ಯ ಹೆಚ್ಚಿಸಲು ಹಿರಿಯರು ಹೇಳಬೇಕು.

4. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದನ್ನು 2003ರ ಕಾಯಿದೆ ನಿಷೇಧಿಸಿದೆ. ಗ್ರಾಮ ಪಂಚಾಯಿತಿ ಇದನ್ನು ಜಾರಿಗೆ ತರಬೇಕು. ಮಕ್ಕಳು ಶಾಲೆಯಲ್ಲಿ ಕಲಿತ ಮಾತನ್ನು ಮನೆಯಲ್ಲಿ ತಂದೆ ಕೇಳುವುದುಂಟು.

5. ಎದೆಯೊತ್ತಿ ಉಸಿರು ಮರಳಿಸುವ ಪ್ರಥಮ ಚಿಕಿತ್ಸೆಯನ್ನು ಯುವಕ ಸಂಘ, ಟ್ರ್ಯಾಕ್ಟರ್ ಮತ್ತು ಆಟೋ ಚಾಲಕರು, ಶಿಕ್ಷಕರು ಆರೋಗ್ಯ ಕೇಂದ್ರದ ಮೂಲಕ ಕಲಿಯಬೇಕು.

ಎದೆನೋವು ಬಂದರೆ

ಎಷ್ಟೇ ಎಚ್ಚರವಿದ್ದರೂ ಕೆಲವರಿಗೆ ಆಘಾತ ಆಗಬಹುದು. ಎದೆಯ ನಡುವೆ ಹಿಂಡಿದಂತೆ, ಭಾರವಿಟ್ಟಂತೆ ನೋವು, ಅದು ಎಡಗೈ, ಭುಜ, ದವಡೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ಏದುಸಿರು, ಇವು ಲಕ್ಷಣಗಳು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ, ಹೊಟ್ಟೆಯ ಮೇಲ್ಭಾಗದ ಉರಿ ಇರಬಹುದು. ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು, ಎದೆಗೆ ಎಣ್ಣೆ ತಿಕ್ಕಿ, ಬೆಳಗಾಗಲಿ ನೋಡೋಣ ಎಂದು ಕಳೆಯುವ ಹೊತ್ತೇ ಹಳ್ಳಿಗಳಲ್ಲಿ ಪ್ರಾಣ ತೆಗೆಯುವುದು.

2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೃದಯ ಸ್ತಂಭನದಿಂದ ತೀರಿಕೊಂಡರು. ಅವರ ತಂದೆ ಡಾ. ರಾಜ್‌ಕುಮಾರ್ ಅವರ ಹೆಸರಿನ ಮುಂದಿದ್ದ ಸಿಂಗಾನಲ್ಲೂರು ಈ ಕೊಳ್ಳೇಗಾಲ ಸೀಮೆಯದೇ ಊರು. ಪುನೀತ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023-24ರಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ತಂದಿತು. ಈ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದಲ್ಲಿರುವ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ದೂರದ ಹಳ್ಳಿಗಳಿಗೆ ಇದು ದೊಡ್ಡ ವರ. ಆದರೆ ಈ ಔಷಧ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಮಾತ್ರ ಹೆಚ್ಚು ಫಲ ಕೊಡುತ್ತದೆ. ಆದುದರಿಂದ ಊರಿನವರು ಇವನ್ನು ಮೊದಲೇ ತಿಳಿದು ಸಿದ್ಧರಿರಬೇಕು.

1. ಇ.ಸಿ.ಜಿ. ಮತ್ತು ಹೆಪ್ಪು ಕರಗಿಸುವ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿ ಇದೆಯೆಂದು ಆರೋಗ್ಯ ಕೇಂದ್ರದಲ್ಲಿ ಕೇಳಿ, ಪಂಚಾಯಿತಿ ಕಚೇರಿ ಮತ್ತು ಡೇರಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಬೇಕು.

2. ಲಕ್ಷಣ ಕಂಡೊಡನೆ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ತಡವಾಗುವುದಾದರೆ ರಾತ್ರಿಯಾದರೂ ಹೊರಡಬಲ್ಲ ವಾಹನದವರ ಹೆಸರುಗಳು ಅದೇ ಗೋಡೆಯ ಮೇಲಿರಲಿ.

3. ರೋಗಿಯನ್ನು ನಡೆಸಬಾರದು, ತಾನೇ ಗಾಡಿ ಓಡಿಸಲು ಬಿಡಬಾರದು. ಒರಗಿಸಿ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಬೇಕು.

4. ಪ್ರಜ್ಞೆ ತಪ್ಪಿ ಉಸಿರಾಟ ನಿಂತರೆ ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನೆರವು ಬರುವವರೆಗೆ ಒತ್ತುತ್ತಿರಬೇಕು. ದಣಿದಾಗ ಇನ್ನೊಬ್ಬರು ಕೈ ಬದಲಿಸಲಿ.

5. ಬಿ.ಪಿ.ಎಲ್. ಕಾರ್ಡು, ಆಧಾರ್, ಹಳೆಯ ಚೀಟಿಗಳು ಒಂದೇ ಚೀಲದಲ್ಲಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ.

ಕೊನೆಯದಾಗಿ

ಬೆಂಕಿರೋಗ ಬಿದ್ದ ಮೇಲೆ ರಾಗಿಯ ತೆನೆಗೆ ಔಷಧ ಹೊಡೆಯುವುದಕ್ಕಿಂತ ಬೀಜೋಪಚಾರ ಮಾಡಿ ಬಿತ್ತುವುದು ಅಗ್ಗ ಮತ್ತು ಖಚಿತ ಎಂಬುದನ್ನು ರೈತರು ಅನುಭವದಿಂದ ಬಲ್ಲರು. ಹೃದಯದ ವಿಷಯದಲ್ಲಿಯೂ ಮಾತು ಇದೇ. ಹಿಡಿ ಉಪ್ಪು ಕಡಿಮೆ, ಹಿಡಿ ಸೊಪ್ಪು ಹೆಚ್ಚು, ಬೀಡಿ ದೂರ, ನಡಿಗೆ ಹತ್ತಿರ, ವರ್ಷಕ್ಕೊಮ್ಮೆ ಅಳತೆ, ಕೊಟ್ಟ ಮಾತ್ರೆ ತಪ್ಪದೆ: ಇವುಗಳಲ್ಲಿ ಯಾವುದಕ್ಕೂ ಸಾಲ ಮಾಡಬೇಕಾಗಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದು ಒಬ್ಬೊಬ್ಬರನ್ನು ಕುರಿತು. ಊರೇ ಊಟ ಬಲ್ಲದ್ದಾದರೆ ರಾತ್ರಿಯಲ್ಲಿ ಕೊಳ್ಳೇಗಾಲದ ಕಡೆಗೆ ಓಡುವ ವಾಹನಗಳು ಕಡಿಮೆಯಾಗುತ್ತವೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರು, ದೀಪಗಳ ಜೊತೆಗೆ ಈ ವಿಷಯವನ್ನೂ ಒಂದು ಕಲಮಾಗಿ ಸೇರಿಸಿದರೆ ಕೆಲಸ ಆರಂಭವಾದಂತೆಯೇ.